ಮೇಲೊಂದು ಪದರ ಉಪ್ಪು

ನಾನು ಒಂದು ಭರಣಿ. ಜಾಡಿ ಎಂದು ಕರೆದರೂ ನನಗೆ ಬೇಸರವಿಲ್ಲ, ಆದರೆ ನಾನು ಬಾಳಿದ ಗಂಗೊಳ್ಳಿಯಲ್ಲಿ ಎಲ್ಲರೂ ಭರಣಿ ಎಂದೇ ಕರೆದರು. ಕುತ್ತಿಗೆಯವರೆಗೆ ಕಂದು, ಅಲ್ಲಿಂದ ಕೆಳಗೆ ಬಿಳಿ, ತಲೆಯ ಮೇಲೊಂದು ಮುಚ್ಚಳ. ಹುಟ್ಟಿದ್ದು ಘಟ್ಟದ ಆಚೆಗಿನ ಒಂದು ಕಾರ್ಖಾನೆಯಲ್ಲಿ. ಮಣ್ಣು ತುಳಿದರು, ಚಕ್ರದ ಮೇಲೆ ತಿರುಗಿಸಿದರು, ಬಣ್ಣ ಹಚ್ಚಿ ಭಟ್ಟಿಗೆ ಇಟ್ಟರು. ನನ್ನ ಪಾಲಿಗೆ ಬೆಂಕಿ ಸ್ವಲ್ಪ ಹೆಚ್ಚಾಯಿತು. ಕುತ್ತಿಗೆಯ ಕಂದು ಬಣ್ಣ ಒಂದು ಕಡೆ ಕರಗಿ, ತಲೆಗೆ ಹಚ್ಚಿದ ಎಣ್ಣೆ ಕೆನ್ನೆಗೆ ಇಳಿದ ಹಾಗೆ ಇಳಿದು ಅಲ್ಲಿಯೇ ಗಟ್ಟಿಯಾಯಿತು. ಹೊರಗೆ ತೆಗೆದವನು ನೋಡಿ ಲೊಚಗುಟ್ಟಿ ನನ್ನನ್ನು ಬದಿಗಿಟ್ಟ.

ಕುಂದಾಪುರದ ಸಂತೆಯಲ್ಲೂ ಅದೇ ಕತೆ. ಬಂದವರೆಲ್ಲ ನನ್ನ ಕೆನ್ನೆ ನೋಡಿ ಪಕ್ಕದ ಭರಣಿಯನ್ನು ಎತ್ತಿಕೊಂಡು ಹೋದರು. ಸಂಜೆಯ ಹೊತ್ತಿಗೆ ಬಂದ ಒಬ್ಬಳು ಹೆಂಗಸು ಮಾತ್ರ ಕೆನ್ನೆ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಬೆರಳ ಗಂಟಿನಿಂದ ನನ್ನ ಹೊಟ್ಟೆಗೆ ತಟ್ಟಿ ಕಿವಿಗೊಟ್ಟು ಕೇಳಿದಳು.

"ಬಣ್ಣ ಇಳ್ದ್ರೆ ಇಳೀಲಿ. ಸದ್ದ್ ಗಟ್ಟಿ ಇತ್," ಎಂದಳು.

ಅವಳು ಬಚ್ಚಕ್ಕ. ನನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ದೋಣಿಯಲ್ಲಿ ಹೊಳೆ ದಾಟಿ ಮನೆಗೆ ಕರೆತಂದಳು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಬಚ್ಚಕ್ಕನ ಗಂಡ ಹೆರಿಯ ಒಂದು ಮಂಜಿಯ ತಂಡೇಲ. ಮಂಜಿ ಎಂದರೆ ಸರಕು ಸಾಗಿಸುವ ದೊಡ್ಡ ಹಾಯಿಹಡಗು. ಅದಕ್ಕೆ ಇಂಜಿನ್ ಇಲ್ಲ, ಗಾಳಿ ಬಂದರೆ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ತಂಡೇಲ ಎಂದರೆ ಅದರ ಯಜಮಾನ. ಗಾಳಿ ನೋಡುವವನೂ ಅವನೇ, ದಾರಿ ಹೇಳುವವನೂ ಅವನೇ, ಎಲ್ಲರನ್ನೂ ಬೈಯುವವನೂ ಅವನೇ. ಅವನ ಕೈಕೆಳಗೆ ನಾಲ್ಕು ಜನ. ಅದರಲ್ಲಿ ಚುಕ್ಕಾಣಿ ಹಿಡಿಯುವ ಗೋಯ್ದ ಬಚ್ಚಕ್ಕನ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಬಚ್ಚಕ್ಕ ಮದುವೆಯಾಗಿ ಬರುವಾಗ ಅವನನ್ನೂ ನನ್ನ ಹಾಗೆಯೇ ಸೊಂಟದ ಮೇಲೆ ಇಟ್ಟುಕೊಂಡು ಬಂದಿದ್ದಳಂತೆ. ಅವಳ ಪಾಲಿಗೆ ಅವನು ತಮ್ಮನೂ ಹೌದು, ಹೆತ್ತ ಮಗನ ಹಾಗೂ ಹೌದು.

ಪ್ರತಿ ಬೇಸಗೆಯಲ್ಲಿ, ಮಳೆಗಾಲಕ್ಕೆ ಮುಂಚಿನ ಕಡೆಯ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ, ಬಚ್ಚಕ್ಕನ ಜಗಲಿಯಲ್ಲಿ ಒಂದು ಸಭೆ ಸೇರುತ್ತಿತ್ತು. ಮಂಜಿಗೆ ಕುಡಿಯಲು ಏನೇನು ತುಂಬಿಕೊಳ್ಳಬೇಕು ಎಂಬುದೇ ಅದರ ವಿಷಯ. ಕೇರಿಯ ಹೆಂಗಸರು ಅದಕ್ಕೆ 'ಬಾಯಾರಿಕೆ ಪಂಚಾಯ್ತಿ' ಎಂದು ಹೆಸರಿಟ್ಟು ನಗುತ್ತಿದ್ದರು. ನಗುವಂಥದ್ದೇ ಬಿಡಿ. ಬಿರುಗಾಳಿಗೆ ಹೆದರದ ಐದು ಗಂಡಸರು ಬೆಲ್ಲ ಎಷ್ಟು, ಎಳನೀರು ಎಷ್ಟು ಎಂದು ಅರ್ಧ ದಿನ ಜಗಳವಾಡುತ್ತಿದ್ದರು. ಒಬ್ಬನಿಗೆ ಗೋಲಿಸೋಡ ಬೇಕು. ಹಿಂದಿನ ವರ್ಷ ಅಲೆಯ ಹೊಡೆತಕ್ಕೆ ಬಾಟಲಿ ಒಡೆದು ಗಾಜು ಚುಚ್ಚಿದ್ದು ಅವನದೇ ಕಾಲಿಗೆ, ಅದು ಮರೆತುಹೋಗಿತ್ತು. ಎಳನೀರು ಎಲ್ಲರಿಗೂ ಇಷ್ಟ, ಆದರೆ ನಾಲ್ಕು ದಿನಕ್ಕೆ ಮುಗಿಯುತ್ತದೆ, ಅಲ್ಲಿಯವರೆಗೂ ಹಡಗಿನ ತುಂಬ ಉರುಳಾಡಿ ಕಾಲಿಗೆ ಸಿಗುತ್ತದೆ. ಕೊನೆಗೆ ಗೆಲ್ಲುತ್ತಿದ್ದದ್ದು ಶುಂಠಿ ಹಾಕಿದ ಬೆಲ್ಲದ ಪಾನಕ. ಪಾಕ ಮಾಡಿ ಮಣ್ಣಿನ ಹಂಡೆಯಲ್ಲಿ ತುಂಬಿಟ್ಟರೆ ಬೇಕಾದಾಗ ನೀರು ಬೆರೆಸಿಕೊಳ್ಳಬಹುದು.

ನಾನು ಆ ಮನೆಗೆ ಬಂದ ಎರಡನೇ ಬೇಸಗೆಯ ಪಂಚಾಯ್ತಿಯಲ್ಲಿ ಬಚ್ಚಕ್ಕ ಬಾಗಿಲಲ್ಲಿ ನಿಂತು ಬಾಯಿ ಹಾಕಿದಳು.

"ಹ್ವಾಯ್, ನಾ ಒಂದ್ ಮಾತ್ ಹೇಳ್ತೆ. ಉಪ್ಪು ಹಾಕಿದ ಪುನರ್ಪುಳಿ ಒಂದ್ ಭರಣಿ ಕೊಂಡ್ಹೋಯ್ನಿ. ಹೋದ್ವರ್ಷ ಗೋಯ್ದ ಬಪ್ಪುವಾಗ ಎಂತ ಆಗಿದ್ದ ಕಂಡಿದ್ರಿ ಅಲ್ದಾ? ಬರೀ ಎಲುಬು. ಪಾನಕ ಕುಡ್ದಷ್ಟೂ ಕಾರ್ದ, ಕುಡ್ದಷ್ಟೂ ಬಾಯಾರ್ತ್."

ಹೆರಿಯನ ಮಂಜಿಯಲ್ಲಿ ಹುಳಿಗೆ ಜಾಗವಿರಲಿಲ್ಲ. ಹಾಲಿಗೆ ಹುಳಿ ಬಿದ್ದರೆ ಒಡೆಯುವ ಹಾಗೆ, ಹಡಗಿಗೆ ಹುಳಿ ಹತ್ತಿದರೆ ಗಾಳಿ ಒಡೆದು ಬಿದ್ದುಹೋಗುತ್ತದೆ ಎಂದು ಅವನ ಅಪ್ಪ ಹೇಳಿಹೋಗಿದ್ದ. ಬೇರೆ ಯಾವ ಮಂಜಿಯಲ್ಲೂ ಈ ಕಟ್ಟಳೆ ಇರಲಿಲ್ಲ, ಕೇಳಿದವರು ನಗುತ್ತಿದ್ದರು. ಹೆರಿಯ ಮಾತ್ರ ಹಡಗಿನ ಮೀನು ಸಾರಿಗೂ ಹುಳಿ ಹಾಕಿಸುತ್ತಿರಲಿಲ್ಲ. ಹುಳಿಯಿಲ್ಲದ ಮೀನು ಸಾರು ಹೇಗಿರುತ್ತದೆಂದು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

"ಅಪ್ಪಯ್ಯ ಬ್ಯಾಡ ಅಂದದ್ದ್ ಬ್ಯಾಡ. ಇನ್ನ್ ಆ ಮಾತ್ ಎತ್ಬ್ಯಾಡ," ಎಂದ ಹೆರಿಯ. ಪಂಚಾಯ್ತಿ ಪಾನಕಕ್ಕೇ ಮುಗಿಯಿತು.

ಬಚ್ಚಕ್ಕ ಒಳಗೆ ಬಂದಳು. ನನ್ನ ಹೊಟ್ಟೆಯಲ್ಲಿ ಉಪ್ಪು ಬೆರೆಸಿ ಒಣಗಿಸಿದ ಪುನರ್ಪುಳಿ, ಅಂದರೆ ಮುರುಗಲ ಹಣ್ಣಿನ ಹುಳಿ ಸಿಪ್ಪೆ, ಮುಕ್ಕಾಲು ಭಾಗ ತುಂಬಿತ್ತು. ಅವಳು ಬಾಳೆಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಸಿಪ್ಪೆಯ ಮೇಲೆ ಒತ್ತಿ ಹಾಸಿದಳು. ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಕಲ್ಲುಪ್ಪು ಸುರಿದು ಅಂಗೈಯಿಂದ ಸಮ ಮಾಡಿದಳು. ಈಗ ಯಾರು ಮುಚ್ಚಳ ತೆಗೆದರೂ ನಾನು ಉಪ್ಪಿನ ಭರಣಿ.

"ಅವ್ರಿಗೆ ಗೊತ್ತಾಪುಕಾಗ, ಹಾಂ," ಎಂದು ನನ್ನ ಕೆನ್ನೆ ತಟ್ಟಿದಳು. ಗೊತ್ತಾಗಬಾರದು ಎಂದು ಒಂದು ಭರಣಿಗೆ ಹೇಳುವ ಹೆಂಗಸು ಅವಳು. ಮಂಜಿಯಲ್ಲಿ ಅಡುಗೆ ಮಾಡುವ ಶೀನ ಮನೆಗೆ ಬಂದಾಗ, ಹಡಗಿನ ಉಪ್ಪು ಮುಗಿದರೆ ಮಾತ್ರ ಇದನ್ನು ತೆಗೆಯಿರಿ ಎಂದು ನನ್ನನ್ನು ಅವನ ಕೈಗೆ ಒಪ್ಪಿಸಿದಳು.

ಹೀಗೆ ನಾನು ಗಂಡನ ಹಡಗಿನಲ್ಲಿ ಹೆಂಡತಿಯ ಗುಟ್ಟಾಗಿ ಕಡಲಿಗೆ ಹೋದೆ. ಹೆಂಚು ಹೇರಿಕೊಂಡು ರತ್ನಾಗಿರಿಯ ಕಡೆ ಹೋಗುವಾಗ ಏನೂ ತೊಂದರೆಯಾಗಲಿಲ್ಲ. ತಿರುಗಿ ಬರುವಾಗ ಒಂದು ಮಧ್ಯಾಹ್ನ ಗಾಳಿ ಬಿದ್ದುಹೋಯಿತು. ಸುತ್ತ ಎಲ್ಲೂ ನೆಲ ಕಾಣುತ್ತಿರಲಿಲ್ಲ. ಹಾಯಿ ಒಗೆದು ಒಣಹಾಕಿದ ಬಟ್ಟೆಯಂತೆ ಜೋತುಬಿತ್ತು. ಒಂದು ದಿನ, ಎರಡು ದಿನ, ನಾಲ್ಕು ದಿನ. ರತ್ನಾಗಿರಿಯಲ್ಲಿ ತುಂಬಿಕೊಂಡಿದ್ದ ಎಳನೀರು ಮುಗಿಯಿತು. ಪೀಪಾಯಿಯ ನೀರು ಇತ್ತು, ಆದರೆ ಬಿಸಿಯಾಗಿ ಮರದ ವಾಸನೆ ಹೊಡೆಯುತ್ತಿತ್ತು. ಪಾನಕದ ಹಂಡೆಯಲ್ಲಿ ನೊರೆ ಎದ್ದಿತು.

ಐದನೇ ದಿನ ಗೋಯ್ದ ಚುಕ್ಕಾಣಿಯ ಬಳಿ ಕುಸಿದು ಬಿದ್ದ. ಏನು ಕೊಟ್ಟರೂ ಕಾರಿಕೊಂಡ. ಮೈ ಹೆಂಚಿನ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಬಚ್ಚಕ್ಕನ ಹೆಸರು ಹಿಡಿದು ಏನೇನೋ ಬಡಬಡಿಸತೊಡಗಿದ. ಹೆರಿಯ ಅವನ ತಲೆಯ ಹತ್ತಿರ ಕೂತು ಒದ್ದೆ ಬಟ್ಟೆ ಇಟ್ಟ, ಕಡಲನ್ನು ಬೈದ, ದೇವರನ್ನು ಕರೆದ. ಹೆಂಡತಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು ಎಂಬುದೊಂದೇ ಅವನ ಮುಖದಲ್ಲಿತ್ತು. ನನಗೋ ಒಳಗೇ ಸಂಕಟ. ಮದ್ದು ನನ್ನ ಹೊಟ್ಟೆಯಲ್ಲಿದೆ, ಬಾಯಿದ್ದೂ ಮಾತು ಬಾರದು.

ಆ ದಿನವೇ ಹಡಗಿನ ಉಪ್ಪಿನ ಡಬ್ಬಿ ಬರಿದಾದದ್ದು ನಮ್ಮೆಲ್ಲರ ಪುಣ್ಯ. ಶೀನ ನನ್ನ ಮುಚ್ಚಳ ತೆಗೆದು ಸೌಟು ಹಾಕಿದ. ಸೌಟು ಬಾಳೆಲೆಗೆ ತಾಗಿತು. ಅವನು ಎಲೆ ಸರಿಸಿದ, ಕಪ್ಪಗಿನ ಸಿಪ್ಪೆಯನ್ನು ನೋಡಿದ, ಮೂಸಿದ. "ತಂಡೇಲ್ರೆ, ಇಲ್ಲ್ ಬನ್ನಿ," ಎಂದು ಕೂಗಿದ.

ಹೆರಿಯ ಬಂದು ಬಗ್ಗಿ ನೋಡಿ ಅಲ್ಲಿಯೇ ನಿಂತುಬಿಟ್ಟ. ಐದು ದಿನದಿಂದ ಗಾಳಿ ಬೀಳಲು ಕಾರಣ ಹುಡುಕುತ್ತಿದ್ದವನಿಗೆ ಕಾರಣ ಎದುರಿಗೇ ಸಿಕ್ಕಿತ್ತು. ಅವನು ನನ್ನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಡಗಿನ ಅಂಚಿಗೆ ನಡೆದ. ನನ್ನನ್ನು ನೀರಿನ ಮೇಲಕ್ಕೆ ಚಾಚಿ ಹಿಡಿದ.

ಕಡಲು ಎಷ್ಟು ಸಪಾಟಾಗಿತ್ತೆಂದರೆ ಅದರಲ್ಲಿ ನನ್ನ ಮುಖ ಕಂಡಿತು, ನಾನು ಅದನ್ನು ನೋಡಿದ್ದು ಅದೇ ಮೊದಲು. ಎಲ್ಲರೂ ಹೇಳಿದ್ದ ಆ ಕೆನ್ನೆಯ ಕಲೆ ನೀರಿನಲ್ಲಿ ತೇಲುತ್ತಿತ್ತು. ಅಷ್ಟೇನೂ ಕೆಟ್ಟದಾಗಿರಲಿಲ್ಲ. ಇಷ್ಟಕ್ಕೇ ಬದುಕು ಮುಗಿಯಿತಲ್ಲ ಎಂದು ನನಗೆ ಅಳು ಬಂತು.

ಆಗ ಹಿಂದಿನಿಂದ ಗೋಯ್ದನ ಕ್ಷೀಣ ದನಿ ಕೇಳಿತು. ಪುನರ್ಪುಳಿಯ ವಾಸನೆ ಅವನ ಮೂಗಿಗೆ ಮುಟ್ಟಿತ್ತು.

"ಅಕ್ಕನ ಭರಣಿ ಅಲ್ದಾ ಅದ್? ಬಿಸಾಡುದಾರೆ ಬಿಸಾಡಿ ಭಾವ. ನಂಗೆ ಒಂದ್ ಚಿಪ್ಪು ಕೊಟ್ಟ್ ಬಿಸಾಡಿ."

ಶೀನ ನೆಲ ನೋಡುತ್ತ ಮೆಲ್ಲಗೆ ಹೇಳಿದ:

"ತಂಡೇಲ್ರೆ, ತಪ್ಪ್ ತಿಳ್ಕಣ್ಬೇಡಿ. ಪಾನಕ ಹುಳಿ ಬಂದ್ ಮೂರ್ ದಿನ ಆತ್. ಅದನ್ನೇ ಎಲ್ಲ ಕುಡೀತಿತ್ತ್. ಹುಳಿ ಆಗಳೇ ಹಡಗಲ್ಲ್ ಇತ್ತಲೆ."

ಹೆರಿಯನಿಗೆ ಸತ್ತ ಅಪ್ಪನ ಮಾತು ಒಂದು ಕಡೆ, ಮಗನ ಹಾಗೆ ಬೆಳೆಸಿದ ಭಾವಮೈದ ಒಂದು ಕಡೆ. ಕೊನೆಗೆ ಅವನು ನನ್ನನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಬಂದು, ಗೋಯ್ದನ ಪಕ್ಕದಲ್ಲಿ ಇಳಿಸಿದ. ತಾನೇ ಸಿಪ್ಪೆ ತೆಗೆದು ನೀರಿನಲ್ಲಿ ಕಿವುಚಿದ, ನನ್ನ ಮೇಲಿನ ಉಪ್ಪನ್ನೇ ಚಿಟಿಕೆ ಸೇರಿಸಿದ, ತೆಂಗಿನ ಚಿಪ್ಪಿನಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟ. ಮೊದಲ ಸಲ ಗೋಯ್ದ ಕಾರಿದ. ಎರಡನೇ ಸಲವೂ ಅಷ್ಟೇ. ಮೂರನೇ ಸಲದ್ದು ಹೊಟ್ಟೆಯಲ್ಲಿ ನಿಂತಿತು. ಹೆರಿಯ ಆ ದಿನವೆಲ್ಲ ಅಲ್ಲಿಂದ ಏಳಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಗೋಯ್ದನ ಹಣೆಯಲ್ಲಿ ಬೆವರು ಮೂಡಿತು. ಅಷ್ಟು ದೊಡ್ಡ ಗಂಡಸು ಆ ಬೆವರನ್ನು ಮುಟ್ಟಿ ನೋಡಿ ಹೋ ಎಂದು ಅತ್ತ.

ಮಂಜಿಯಲ್ಲಿ ಏನೇ ಕುಡಿದರೂ ತಂಡೇಲನ ಪಾಲು ಕೊನೆಗೆ. ಎಲ್ಲರಿಗೂ ಆದ ಮೇಲೆ ಹೆರಿಯ ಚಿಪ್ಪನ್ನು ತುಟಿಗೆ ಇಟ್ಟುಕೊಂಡ. ಕಣ್ಣು ಮುಚ್ಚಿ ಕುಡಿದ. ಇನ್ನೊಂದು ಚಿಪ್ಪು ಕೇಳಿದ.

ಗಾಳಿ ಬಂದದ್ದು ಮಾರನೇ ದಿನ ಮಧ್ಯಾಹ್ನ, ಪ್ರತಿ ವರ್ಷ ಬರುವ ದಿಕ್ಕಿನಿಂದಲೇ. ಹಾಯಿ ಉಬ್ಬಿದಾಗ ಹೆರಿಯ ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

ಗಂಗೊಳ್ಳಿಯ ದಂಡೆಯಲ್ಲಿ ಬಚ್ಚಕ್ಕ ಕಾಯುತ್ತಿದ್ದಳು. ತಮ್ಮ ತನ್ನ ಕಾಲ ಮೇಲೆ ನಡೆದು ಬರುವುದನ್ನು ನೋಡಿದಳು. ಆಮೇಲೆ ಗಂಡನ ಕೈಯಲ್ಲಿದ್ದ ನನ್ನನ್ನು ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಬೈಗುಳ ಬರುತ್ತದೆ ಎಂದು ಕಾದು ನಿಂತಳು. ಹೆರಿಯ ನನ್ನನ್ನು ಅವಳ ಸೊಂಟಕ್ಕೆ ದಾಟಿಸಿದ.

"ನಿನ್ನ ಉಪ್ಪು ಲಾಯ್ಕಿತ್ತ್," ಎಂದ. "ಬಪ್ಪ ವರ್ಷಕ್ಕೂ ಒಂದ್ ಭರಣಿ ಇಡ್."

ಅಷ್ಟೇ. ಹುಳಿ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಬೇಸಗೆಯಲ್ಲೂ ಬಚ್ಚಕ್ಕ ಸಿಪ್ಪೆ ತುಂಬಿ, ಎಲೆ ಹಾಸಿ, ಮೇಲೆ ಉಪ್ಪು ಹರಡಿದಳು. ಬಾಯಾರಿಕೆ ಪಂಚಾಯ್ತಿಯಲ್ಲಿ ಹೆರಿಯ ಗಂಭೀರವಾಗಿ "ಉಪ್ಪಿನ ಭರಣಿ ಮರೆಯುಕಾಗ" ಎನ್ನುತ್ತಿದ್ದ. ಅಪ್ಪನ ಕಟ್ಟಳೆಯೂ ಉಳಿಯಿತು, ಹೆಂಡತಿಯ ಮಾತೂ ಉಳಿಯಿತು. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಹೊತ್ತುಕೊಂಡು ನಾನು ಹದಿನಾಲ್ಕು ಬೇಸಗೆ ಕಡಲು ಕಂಡೆ.

ಆಮೇಲೆ ಇಂಜಿನ್ನಿನ ಕಾಲ ಬಂತು. ಮಂಜಿಯನ್ನು ಬಿಚ್ಚಿ ಮರಕ್ಕೆ ಮಾರಿದರು. ಗೋಯ್ದ ಹೆಂಡತಿ ಮಕ್ಕಳೊಂದಿಗೆ ಮಲ್ಪೆಯಲ್ಲಿ ನೆಲೆಸಿದ. ಬಚ್ಚಕ್ಕನ ಮಗಳು ಲಲಿತೆಯ ಮದುವೆಯಲ್ಲಿ ನಾನು ಅವಳ ಗಂಡನ ಮನೆಗೆ ಹೋದೆ. ಅಲ್ಲಿ ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ ಹೊತ್ತೆ, ಹುಣಸೆ ಹೊತ್ತೆ, ಕೆಲವು ವರ್ಷ ಬಾಗಿಲ ಮೂಲೆಯಲ್ಲಿ ಕೊಡೆಗಳನ್ನೂ ಹೊತ್ತೆ. ಯಾರದೋ ಕೊಡೆಯ ತುದಿ ತಾಗಿ ಬಾಯಿಯ ಅಂಚು ಮುಕ್ಕಾಯಿತು. ಅದಕ್ಕೂ ನನಗೆ ದೂರಿಲ್ಲ, ಎಸೆಯಲಿಲ್ಲವಲ್ಲ. ಬಚ್ಚಕ್ಕ ತೀರಿಕೊಂಡ ಮೇಲೆ ಲಲಿತೆ ಗಂಡನೊಂದಿಗೆ ಅಪ್ಪನ ಮನೆಗೇ ಬಂದು ನೆಲೆಸಿದಳು. ಕೊಡೆಗಳನ್ನು ತೆಗೆದು ತೊಳೆದು ನನ್ನನ್ನೂ ಕರೆತಂದಳು.

ಈಗ ಲಲಿತೆಯ ಮಗಳು ನಿಶ್ಮಿತಾ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದಾಳೆ. ಊರು ನೋಡಲು ಬಂದವರನ್ನು ಹೊಳೆಯ ಬಾಯಿಯಿಂದ ಕಡಲಿಗೆ ಕರೆದುಕೊಂಡು ಹೋಗಿ ಬರುತ್ತಾಳೆ. ಮೊನ್ನೆ ಏಪ್ರಿಲ್‌ನ ಒಂದು ಬೆಳಿಗ್ಗೆ ಜಗಲಿಯಲ್ಲಿ ಐಸ್ ಪೆಟ್ಟಿಗೆ ತೆರೆದಿಟ್ಟು, ಬಣ್ಣಬಣ್ಣದ ಬಾಟಲಿಗಳನ್ನು ಹರಡಿ ಕೂತಿದ್ದಳು. ಯಾವುದನ್ನು ದೋಣಿಗೆ ಹಾಕಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನವಾಗುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಜಗಲಿಯಲ್ಲಿ ಮತ್ತೆ ಬಾಯಾರಿಕೆ ಪಂಚಾಯ್ತಿ ಸೇರಿದ್ದು ನೋಡಿ ನನಗೆ ಹಿಗ್ಗು ತಡೆಯಲಾಗಲಿಲ್ಲ.

"ಅಜ್ಜಯ್ಯ, ನೀವೇ ಹೇಳಿ. ಬಿಸ್ಲಿಗೆ ಎಂತ ಕೊಂಡ್ಹೋಪುದ್?" ಎಂದಳು.

ಹೆರಿಯನಿಗೆ ಈಗ ತೊಂಬತ್ತರ ಹತ್ತಿರ. ಬಾಟಲಿಗಳ ಕಡೆ ತಿರುಗಿಯೂ ನೋಡದೆ ಅವನು ಕೋಲು ಊರಿಕೊಂಡು ನನ್ನ ಬಳಿಗೆ ಬಂದ. ಲಲಿತೆ ಒಣಗಿಸಿಟ್ಟ ಪುನರ್ಪುಳಿಯನ್ನು ತರಿಸಿಕೊಂಡು ನನ್ನೊಳಗೆ ತುಂಬಿದ. ಬಾಳೆಲೆ ಬಾಡಿಸಿ ತಾ ಎಂದ. ಎಲೆ ಹಾಸಿ, ಮೇಲೆ ನಾಲ್ಕು ಬೆರಳು ಉಪ್ಪು ಸುರಿದು, ನಡುಗುವ ಅಂಗೈಯಿಂದ ಸಮ ಮಾಡಿದ.

ನಿಶ್ಮಿತಾ ನಕ್ಕಳು. "ಸಿಪ್ಪೆಗೆ ಆಗಳೇ ಉಪ್ಪು ಹಾಕಿತ್ತಲೆ ಅಜ್ಜಯ್ಯ. ಮತ್ತೆ ಮೇಲೆ ಎಂತಕೆ?"

ಅವನು ಮುಚ್ಚಳ ಇಟ್ಟ. ಬಣ್ಣ ಇಳಿದ ನನ್ನ ಕೆನ್ನೆಯನ್ನು, ಬಚ್ಚಕ್ಕ ತಟ್ಟುತ್ತಿದ್ದ ಅದೇ ಜಾಗವನ್ನು, ಮೆಲ್ಲಗೆ ತಟ್ಟಿದ.

"ನಂಗೆ ಗೊತ್ತಾಪುಕಾಗ ಅಂದೇಳಿ," ಎಂದ.