ಹೊಳೆ ದಾಟಿಸಿದವರು ಯಾರು

ತಂಗಿಯ ಮಗಳ ಮೇಲೆ ದೊಡ್ಡಮ್ಮ ಒಂದು ಕಣ್ಣಿಟ್ಟೇ ಇದ್ದಳು. ಇಡಲೇಬೇಕಲ್ಲ! ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿಯುವ ಹುಡುಗಿ ಇದ್ದಕ್ಕಿದ್ದಂತೆ ಇಸ್ತ್ರಿ ಮೇಜಿನ ಪಕ್ಕ ಕೂತು, "ದೊಡ್ಡಮ್ಮಾ, ನಮ್ಮ ಜನದ ಕತೆ ಹೇಳಿಕೊಡು. ನಮ್ಮ ಮಾತಲ್ಲೇ ಹೇಳು" ಅಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಕಾಡು ಬಿಟ್ಟು ಊರು ಸೇರಿದ ಮೇಲೆ ಆ ಮಾತು ಉಳಿದಿದ್ದದ್ದು ಮುದುಕರ ಬಾಯಲ್ಲಿ ಮಾತ್ರ.

ಹಿಂದೊಬ್ಬ ಮಹಾನುಭಾವ ಹೀಗೇ ನಗುನಗುತ್ತ ಬಂದಿದ್ದ. ದೊಡ್ಡಮ್ಮನ ಅಪ್ಪ ಹೇಳಿದ ಕತೆಗಳನ್ನೆಲ್ಲ ಟೇಪಿಗೆ ಇಳಿಸಿಕೊಂಡು ಹೋದವನು ತನ್ನ ಹೆಸರು ಹಾಕಿ ಪುಸ್ತಕ ಮಾಡಿದ. ಅಪ್ಪ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ. ಅಂದಿನಿಂದ, ನಂಬಿಕೆ ಬಾರದವರಿಗೆ ಕತೆ ಹೇಳುವಾಗ ಒಂದು ಕಡೆ ತಿರುಚಿ ಹೇಳುವುದು ಅವರ ಹಿರಿಯರ ಪದ್ಧತಿಯಾಯಿತು. ಕದ್ದ ಕತೆ ಎಲ್ಲೇ ಹೊರಬಂದರೂ ಕಳ್ಳ ಯಾರೆಂದು ತಿಳಿಯುತ್ತದಲ್ಲ! ಹೊಳೆ ದಾಟಿದ ಕತೆಯಲ್ಲಿ ಜನರಿಗೆ ದಾರಿ ತೋರಿಸಿದವಳು, ನೀರಿನ ಸದ್ದು ಹಿಡಿದು ನಡೆದ ಕಣ್ಣು ಕಾಣದ ಮುದುಕಿ. ದೊಡ್ಡಮ್ಮ ಹುಡುಗಿಗೆ ಹೇಳುವಾಗ ಮುದುಕಿಯ ಬದಲು ಬೇಟೆಗಾರ ಅಂದುಬಿಟ್ಟಳು. ಹುಡುಗಿ ಹೂಂ ಹೂಂ ಅಂತ ಕೇಳಿಸಿಕೊಂಡಳು.

ಆಮೇಲೆ ಭಾನುವಾರ ಬಂದರೆ ಸಾಕು, ಹುಡುಗಿ ಮಾಯ. ಎಲ್ಲಿಗೇ ಎಂದರೆ, "ಇಲ್ಲೇ, ಸ್ವಲ್ಪ ಕೆಲಸ." ಈ ಸ್ವಲ್ಪ ಕೆಲಸ ದೊಡ್ಡಮ್ಮನ ತಲೆಗೆ ಹುಳ ಬಿಟ್ಟಿತು. ಒಂದು ಭಾನುವಾರ ಇಸ್ತ್ರಿಪೆಟ್ಟಿಗೆ ಆರಿಸಿ ಹಿಂದೆಯೇ ಹೊರಟಳು. ಹುಡುಗಿ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದಳು. "ಸಿಕ್ಕಿಬಿದ್ದೆ ಕಣೇ" ಎಂದುಕೊಳ್ಳುತ್ತ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಾಗಿಲಿಗೆ ಕಿವಿಯಿಟ್ಟಳು.

ಒಳಗೆ ಬೇಟೆಗಾರ ಹೊಳೆ ದಾಟಿಸುತ್ತಿದ್ದ. ಮೈಯೆಲ್ಲ ಉರಿದುಹೋಯಿತು. ಬಾಗಿಲು ದಬ್ಬಿದಳು.

ಟೇಪಿನವನೂ ಇಲ್ಲ, ಪುಸ್ತಕದವನೂ ಇಲ್ಲ. ನೆಲದ ತುಂಬ ತಮ್ಮದೇ ಬೀದಿಯ, ತಮ್ಮದೇ ಜನದ ಮಕ್ಕಳು. ಮೋಟುಜಡೆಯವಳೊಬ್ಬಳು ಎದ್ದು ನಿಂತು, ಅವರ ಮಾತಿನಲ್ಲೇ, ತಡವರಿಸದೆ ಕತೆ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹುಡುಗಿ ನಾಚಿಕೊಂಡಳು.

"ಎಲ್ಲರೂ ಚೆನ್ನಾಗಿ ಕಲಿತ ಮೇಲೆ ನಿನ್ನ ಕರ್ಕೊಂಡು ಬರೋಣ ಅಂತಿದ್ದೆ ದೊಡ್ಡಮ್ಮಾ."

ದೊಡ್ಡಮ್ಮನ ಎದೆ ತುಂಬಿ ಬಂತು, ಮರುಕ್ಷಣವೇ ಧಸಕ್ಕೆಂದಿತು. ಅಯ್ಯೋ, ಇಷ್ಟೂ ಬಾಯಲ್ಲಿ ಬೇಟೆಗಾರ ಕೂತುಬಿಟ್ಟಿದ್ದಾನಲ್ಲ!

"ಬೇಟೆಗಾರ ಅಲ್ಲ ಮಕ್ಕಳೇ, ಕಣ್ಣು ಕಾಣದ ಮುದುಕಿ," ಅಂದಳು.

ಮೋಟುಜಡೆ ಸೊಂಟದ ಮೇಲೆ ಕೈಯಿಟ್ಟಳು. "ಇಲ್ಲಜ್ಜಿ. ವಯಸ್ಸಾದವರಿಗೆ ಕತೆ ಕಲಸಿಹೋಗುತ್ತೆ, ಮೊದಲು ಹೇಳಿದ್ದನ್ನೇ ಇಟ್ಕೋಬೇಕು ಅಂತ ಅಕ್ಕ ಹೇಳಿದಾರೆ."

ಹುಡುಗಿಯ ಕಣ್ಣು ತುಂಬಿತು. ದೊಡ್ಡಮ್ಮನ ಕೈ ಹಿಡಿದು, "ಮರೆತುಹೋದ್ರೆ ಹೋಗ್ಲಿ ಬಿಡು, ನಾನಿದೀನಲ್ಲ," ಅಂದಳು. ಮಕ್ಕಳಿಗೆ ಕಣ್ಸನ್ನೆ ಮಾಡಿದಳು. "ಹೂಂ ಅಜ್ಜಿ, ಮುದುಕೀನೇ," ಎಂದು ಎಲ್ಲರೂ ಸಮಾಧಾನ ಮಾಡಿದರು.

ದೊಡ್ಡಮ್ಮ ಸುಮ್ಮನಿದ್ದರೆ ಹುಡುಗಿಯ ಕೈ ಅವಳ ಕೈಯಲ್ಲೇ ಇರುತ್ತಿತ್ತು. ಬೇಟೆಗಾರನೂ ಇರುತ್ತಿದ್ದ, ಈ ಮಕ್ಕಳ ಮಕ್ಕಳ ಬಾಯಲ್ಲೂ.

"ಮರೆತಿಲ್ಲ ಕಣೇ," ಅಂದಳು ದೊಡ್ಡಮ್ಮ. "ನಿನ್ನ ನಂಬಲಿಲ್ಲ. ಕಳ್ಳಿ ಅಂದ್ಕೊಂಡು ಬೇಕಂತಲೇ ತಪ್ಪು ಹೇಳಿದೆ."

ಹುಡುಗಿ ಕೈ ಬಿಟ್ಟಳು. ಆಮೇಲೆ ಮಕ್ಕಳ ಕಡೆ ತಿರುಗಿ, "ಬೇಟೆಗಾರ ಅಲ್ಲ. ಕಣ್ಣು ಕಾಣದ ಮುದುಕಿ. ಮೊದಲಿಂದ ಹೇಳಿ," ಅಂದಳು. ದೊಡ್ಡಮ್ಮನಿಗೆ ಕೂತ್ಕೋ ಅನ್ನಲಿಲ್ಲ.