ಬೇವಿನ ಗಿಡ ಯಾವ ಕಡೆಗೆ?

ನನ್ನ ತಮ್ಮ ಶಿವರಾಯ ಪಂಚಮಿಗೂ ಒಂದು ಉಂಡಿ ಕಳಿಸಿದವನಲ್ಲ. ಅಂಥವನು ತವರೂರು ಕಿಣ್ಣಿ ಸುಲ್ತಾನದಿಂದ ಜೇವರ್ಗಿಯ ನಮ್ಮ ಮನೆಗೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಹೊತ್ತು ಬಂದಾಗಲೇ ನನ್ನ ಕಿವಿ ನೆಟ್ಟಗಾದವು.

“ಬಸವೇಶ್ವರಿ ಅಕ್ಕಾ, ಗೆಳೆಯಾಂದೊಂದು ಜಾಗ ಮಾರೂದದ. ಪುಣೆದವ್ರು ನೋಡ್ತಾರ. ಇಂಗ್ಲಿಷಿನಾಗ ಜಾಹೀರಾತು ಬರಕೊಡು,” ಎಂದ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನು, ಬರೆದುಕೊಡುತ್ತೇನೆ. ಅಷ್ಟಕ್ಕೆ ಹೋಳಿಗೆ ಯಾಕೆ?

“ಎಲ್ಲದ ಜಾಗ?”

“ನಮ್ಮೂರಾಗ, ಬಾವಿ ಹತ್ರ. ನಿಯರ್ ಅಂತ ಬರಿ, ಸಾಕು.”

“ಎಷ್ಟು ಹತ್ರ ಲೇ? ಕೂಗಿದ್ರ ಕೇಳುವಷ್ಟಿದ್ರ ನಿಯರ್. ಮಗ್ಗಲಕ್ಕೇ ಇದ್ರ ಬಿಸೈಡ್. ಬಾವಿ ಕಟ್ಟಿಗೆ ತಾಗಿದ್ರ ಅಡ್ಜಾಯ್ನಿಂಗ್. ಸುಳ್ಳು ಬರೆದ್ರ ಹೆಸರು ಕೆಡೂದು ನಂದು.”

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. “ತಾಗೇದ.”

ಬಾವಿಗೆ ತಾಗಿದ ಜಾಗ ಎರಡೇ. ಒಂದು ಹುಸೇನಸಾಬರದು. ಇನ್ನೊಂದು ನನ್ನದು, ಅವ್ವ ಸಾಯುವ ಮುಂಚೆ ನನ್ನ ಹೆಸರಿಗೆ ಮಾಡಿಸಿಕೊಟ್ಟದ್ದು. ನಿವೃತ್ತಿಯಾದ ಮೇಲೆ ಅಲ್ಲಿ ಎರಡು ಖೋಲಿ ಕಟ್ಟಿಸಿಕೊಂಡು ಇರಬೇಕೆಂದು ಆಸೆ ಇಟ್ಟುಕೊಂಡವಳು ನಾನು. ಆದರೂ ಮುಖ ಬದಲಿಸಲಿಲ್ಲ. ಹುಸೇನಸಾಬರು ಮಾರುತ್ತಿರಲೂಬಹುದು.

“ನೆಳ್ಳದ ಅಂತ ಬರೆದ್ರ ರೇಟು ಏರ್ತದ ನೋಡು. ಗಿಡಾ ಏನರ ಅವ?”

ಅವನ ಕಣ್ಣರಳಿದವು. “ಬೇವಿನ ಗಿಡ ಅದ, ದೊಡ್ಡದು!”

“ಯಾವ ಕಡಿಗೆ? ಮುಂದೋ, ಹಿಂದೋ, ಮಗ್ಗಲಕೋ? ಒಂದೊಂದಕ್ಕ ಒಂದೊಂದು ಮಾತು ಬೇಕು ಇಂಗ್ಲಿಷಿನಾಗ.”

“ನಟ್ಟನಡುವ ಅದ ಅಕ್ಕಾ,” ಅಂದವನೇ ನಾಲಿಗೆ ಕಚ್ಚಿಕೊಂಡ.

ಹುಸೇನಸಾಬರ ಜಾಗದಲ್ಲಿ ಒಂದು ಜಾಲಿ ಗಿಡವೂ ಇಲ್ಲ.

“ಭಾಡ್ಯಾ! ನನ್ನ ಜಾಗ ನನ್ನ ಕೈಲೇ ಮಾರಸ್ತಿ?”

“ಗಿರಾಕಿ ಸಿಕ್ಕ ಮ್ಯಾಲ ಹೇಳೋಣಂತ ಮಾಡಿದ್ದೆ. ಕೊಟ್ಟ ಹೆಣ್ಣಮಗಳಿಗಿ ತವರಾಗ ಜಾಗ ಯಾಕ ಬೇಕು, ಹೇಳು?” ಎಂದು ನೆಲ ನೋಡಿದ.

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಕಾಗದ ಎಳೆದುಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಅವನ ಮುಂದೆ ಹಿಡಿದೆ. ಓದಲು ಬಾರದೆ ಒದ್ದಾಡಿದ. ನಾನೇ ಕನ್ನಡದಲ್ಲಿ ಹೇಳಿದೆ.

“ಬಾವಿಗಿ ತಾಗಿದ ಜಾಗ. ನಟ್ಟನಡುವ ಬೇವಿನ ಗಿಡ. ಗಿಡದ ಕೆಳಗ ಒಡತಿ ಬಸವೇಶ್ವರಿ ಇರ್ತಾಳ. ಮಾರೂದಿಲ್ಲ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಹೋಳಿಗೆ ಡಬ್ಬಿ ನಾನು ವಾಪಸು ಕೊಡಲಿಲ್ಲ. ತವರಿನದಲ್ಲವೇ, ನನ್ನದೇ.