ಬಳೆ ತೊಟ್ಟವಳ ವಿಧವಾ ವೇತನ

ಗಂಡನಿಲ್ಲದ ಬಡ ಹೆಂಗಸರಿಗೆ ಸರ್ಕಾರ ತಿಂಗಳ ವೇತನ ಕೊಡಲು ತೊಡಗಿದ ಮರುವರ್ಷ, ಹುಲಿಕುಂಟೆ ಕಡೆಯ ಗೊಲ್ಲರಹಟ್ಟಿಯ ಈರಕ್ಕನೂ ಅರ್ಜಿ ಹಾಕಿಸಿದಳು. ಗಂಡ ಓಬಯ್ಯ ಸುಗ್ಗಿಗೆ ಮುಂಚೆಯೇ ಜ್ವರ ಬಂದು ಶಿವನ ಪಾದ ಸೇರಿದ್ದ. ಮಕ್ಕಳಿರಲಿಲ್ಲ. ಕುರಿಮಂದೆ ಕಾಯಲಾಗದೆ ಮಾರಿಯಾಗಿತ್ತು. ವೇತನವೊಂದು ಬಂದರೆ ಅವಳೂ ಅತ್ತೆ ಕೊಲ್ಲಾಪುರಮ್ಮನೂ ಮುದ್ದೆಗಾಗಿ ಇನ್ನೊಬ್ಬರ ಬಾಗಿಲು ನೋಡಬೇಕಾಗಿರಲಿಲ್ಲ.

ವಿಚಾರಣೆಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಮಹಾಲಿಂಗಯ್ಯ ಬಂದರು. ಹಟ್ಟಿಯ ಪದ್ಧತಿಯಂತೆ ಮುಳ್ಳುಬೇಲಿಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಬಂದು ಜಗಲಿಯ ಮೇಲೆ ಕೂತರು. ಈರಕ್ಕ ಮಜ್ಜಿಗೆ ತಂದುಕೊಟ್ಟಳು. ಆಕೆಯ ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ.

"ಈರಕ್ಕ ಅನ್ನೋರನ್ನ ಕರೀರಮ್ಮ."

"ನಾನೇ ಕಣ್ ಸ್ವಾಮಿ."

ಅವರ ಮುಖ ಗಂಟಿಕ್ಕಿತು. "ಮುತ್ತೈದೆ ಹಂಗೆ ಸಿಂಗರಿಸಿಕೊಂಡು ವಿಧವಾ ವೇತನ ಕೇಳ್ತೀಯಲ್ಲಮ್ಮ! ನಾಳೆ ನನ್ನ ಮೇಲಿನವರು ಬಂದು ನೋಡಿದರೆ ನನ್ನ ಕೆಲಸ ಉಳಿಯುತ್ತಾ?"

ಪಕ್ಕದ ಮನೆಯ ಭೀಮಕ್ಕ ಈರಕ್ಕನನ್ನು ಒಳಕ್ಕೆಳೆದುಕೊಂಡು ಹೋದಳು. "ಒಂದ್ ಗಳಿಗೆ ತೆಗೆದು ಮಡಿಲಿಗೆ ಹಾಕ್ಕ. ಆವಪ್ಪ ಆಚೆ ಹೋಗ್ತಲೂ ತೊಟ್ಕಂಡ್ರಾಯ್ತು. ಏನು ಗಂಟು ಹೋಗ್ತೈತೆ ನಿಂದು?"

ಭೀಮಕ್ಕ ಹೇಳಿದ್ದು ಸುಳ್ಳಲ್ಲ. ಈರಕ್ಕ ಬಳೆಗೆ ಕೈ ಹಾಕಿದಳು. ಗೂಟದಲ್ಲಿ ಓಬಯ್ಯನ ಕಂಬಳಿ ಅವನು ತೂಗುಹಾಕಿದಂತೆಯೇ ಇತ್ತು. ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ. ಆ ಬಳೆ ಅವನೇ ಸಿರಾ ಸಂತೆಯಲ್ಲಿ ತೊಡಿಸಿದ್ದು. ಕಾಡುಗೊಲ್ಲರ ಹೆಣ್ಣು ಗಂಡ ಸತ್ತನೆಂದು ಬಳೆ ಒಡೆಯುವುದಿಲ್ಲ, ಕುಂಕುಮ ಅಳಿಸುವುದಿಲ್ಲ. ತಾಯಿ, ಅಜ್ಜಿ ಎಲ್ಲರೂ ಹಾಗೆಯೇ ಬಾಳಿದವರು. 'ಜುಂಜಪ್ಪಾ, ಮುದ್ದೆ ಕೊಡೋದಾದ್ರೆ ಹಿಂಗಿದ್ದಂಗೇ ಕೊಡು' ಎಂದು ಹಟ್ಟಿಯ ದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಸ್ವಾಮಿ, ನಮ್ಮೋರು ಸತ್ತೋಗವ್ರೆ. ಗುಂಡಿ ಮಣ್ಣು ಇನ್ನೂ ಹಸಿಯಾಗೈತೆ, ಬನ್ನಿ ತೋರುಸ್ತೀನಿ. ಬಳೆ ಮಾತ್ರ ತೆಗಿಯಾಕಿಲ್ಲ. ಅದಕ್ಕೇ ದುಡ್ಡು ಕೊಡಾಕಿಲ್ಲ ಅಂದ್ರೆ ಬ್ಯಾಡ ಬುಡಿ."

ಸತ್ತರು ಎಂಬ ಮಾತು ಅವಳ ಬಾಯಿಂದ ಬಂದದ್ದು ಅಂದೇ ಮೊದಲು.

ಮೂಲೆಯಲ್ಲಿದ್ದ ಕೊಲ್ಲಾಪುರಮ್ಮ ಕೋಲೂರಿಕೊಂಡು ಎದ್ದು ಬಂದಳು. ಕಾಸಗಲ ಕುಂಕುಮ, ಮೊಣಕೈ ಮುಟ್ಟುವ ಬಳೆ.

"ನಿಮ್ಮ ಯಜಮಾನರೆಲ್ಲಿ ಅಜ್ಜಿ?" ಎಂದರು ಮಹಾಲಿಂಗಯ್ಯ.

"ಆವಯ್ಯ ಹೋಗಿ ನಿನ್ನ ವಯಸ್ಸಾಯ್ತು ಕಣಪ್ಪ! ಸತ್ತೋನು ಅವನು. ಬಳೆ ಏನು ತಪ್ಪು ಮಾಡಿತ್ತು?"

ಬೇಲಿ ಬಳಿ ನಿಂತಿದ್ದ ಹೆಂಗಸರೆಲ್ಲ ಗೊಳ್ಳನೆ ನಕ್ಕರು. "ನಮ್ಮವನೂ ಇಲ್ಲ ಸ್ವಾಮಿ, ನನ್ನೂ ಬರ್ಕಳಿ," ಎಂದಳೊಬ್ಬಳು ಬಳೆಗೈ ಎತ್ತಿ. ಮಹಾಲಿಂಗಯ್ಯನವರಿಗೂ ನಗು ತಡೆಯಲಾಗಲಿಲ್ಲ.

"ಗಂಡ ಇರಬಾರದು ಅಂತ ಆರ್ಡರಲ್ಲಿದೆ. ಬಳೆ ಇರಬಾರದು ಅಂತ ಎಲ್ಲೂ ಇಲ್ಲ. ಮೇಲಿನವರು ಕೇಳಿದರೆ ನಾನೇ ಹೇಳ್ತೀನಿ ಬಿಡಮ್ಮ," ಎಂದು ಅಲ್ಲೇ ಶಿಫಾರಸು ಬರೆದು ಸಹಿ ಹಾಕಿದರು.

ಹೊರಡುವಾಗ ಈರಕ್ಕ ಎಲೆಯಲ್ಲಿ ಕುಂಕುಮ ಕಟ್ಟಿ ತಂದಳು. "ಮನೇಲಿ ಅಮ್ಮಾವ್ರಿಗೆ ಕೊಡಿ."

"ಮನೇಲಿರೋದು ನಮ್ಮವ್ವ ಒಬ್ಬಳೇ ಕಣಮ್ಮ. ಅಪ್ಪ ಹೋದಮೇಲೆ ಹಚ್ಚಲ್ಲ."

"ಕೇಳಿ ನೋಡಿ ಸ್ವಾಮಿ. ಹಚ್ಕಂಡ್ರೆ ಹಚ್ಕಂಡ್ಲಿ, ಇಲ್ದಿದ್ರೆ ದೇವ್ರಿಗಿಕ್ಲಿ."

ಅವರು ಎಲೆಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು ಸೈಕಲ್ ಹತ್ತಿದರು. ಈರಕ್ಕ ಒಳಗೆ ಹೋಗಿ ಒಲೆ ಹೊತ್ತಿಸಿ, ಮುದ್ದೆಗೆ ಎಸರಿಟ್ಟಳು.